ಕುಳಿತವನ ಅಡ್ಡಛೇದ

ಛೇದಮೇಜು ಬಂದ ಮೇಲೆ ನಮ್ಮ ಅಂಗರಚನಾ ವಿಭಾಗದಲ್ಲಿ ಫಾರ್ಮಲಿನ್ ವಾಸನೆ ಇಲ್ಲ. ಕಣ್ಣು ಉರಿಯುವುದಿಲ್ಲ. ಮೊದಲ ದಿನ ತಲೆ ಸುತ್ತಿ ಬೀಳುವ ಹುಡುಗರೂ ಇಲ್ಲ.

ಆಳುದ್ದದ ಗಾಜಿನ ಮೇಜು. ಅದರ ಅಂಚಿನಲ್ಲಿ ಜಾರುವ ಒಂದು ಹಿಡಿ. ಹಿಡಿ ಸರಿಸಿದಲ್ಲಿ ಬೆಳಕಿನ ಗೆರೆ ನಿಲ್ಲುತ್ತದೆ. ಆ ಗೆರೆಯ ಗುಂಟ ದೇಹವನ್ನು ಕೊಯ್ದರೆ ಏನು ಕಾಣಬೇಕೋ ಅದು ಗಾಜಿನ ಮೇಲೆ ನಿಜವಾದ ಅಳತೆಯಲ್ಲಿ, ನಿಜವಾದ ಬಣ್ಣದಲ್ಲಿ ಮೂಡುತ್ತದೆ. ಕೊಯ್ದದ್ದನ್ನು ಮತ್ತೆ ಕೂಡಿಸಬಹುದು. ಬೇರೆ ಕಡೆಯಿಂದ ಮತ್ತೆ ಕೊಯ್ಯಬಹುದು. ದೇಹ ಮುಗಿಯುವುದಿಲ್ಲ.

ದೇಹಗಳನ್ನು ಓದುವ ಕೇಂದ್ರ ಹುಬ್ಬಳ್ಳಿಯ ಹೊರಗಿದೆ. ಅಲ್ಲಿ ಸತ್ತವರನ್ನು ದೊಡ್ಡ ಬಳೆಯಂಥ ಯಂತ್ರದೊಳಗೆ ಹಾಯಿಸುತ್ತಾರೆ. ಬಳೆ ತಿರುಗುತ್ತ, ಉಳ್ಳಾಗಡ್ಡಿಯ ಒಳಪೊರೆಗಿಂತ ತೆಳುವಾದ ಪದರಗಳಲ್ಲಿ ದೇಹವನ್ನು ಓದಿಕೊಳ್ಳುತ್ತದೆ. ಕತ್ತಿ ತಾಗುವುದಿಲ್ಲ. ಬೆಳಿಗ್ಗೆ ಕೊಟ್ಟವರನ್ನು ಸಂಜೆಯೊಳಗೆ ಮನೆಗೆ ಮರಳಿಸುತ್ತಾರೆ. ಆಮೇಲೆ ಮನೆಯವರು ತಮ್ಮ ಪದ್ಧತಿಯಂತೆ ಮಣ್ಣು ಮಾಡಬಹುದು, ಸುಡಬಹುದು. ದೇಹದಾನ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಮನೆಗಳೂ ಇದಕ್ಕೆ ಒಪ್ಪಿದವು. ನಮ್ಮ ಮನೆಯೂ ಒಪ್ಪಿತ್ತು.

ನನ್ನ ಗಂಡ ಗುರುಪಾದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ. "ಕೊಯ್ಯಂಗಿಲ್ಲಂತ, ಓದ್ತಾರಂತ. ಓದ್ಲಿ ಬಿಡು. ಒಬ್ಬರರ ನನ್ನ ಪೂರಾ ಓದಿದಂಗ ಆಗ್ತೈತಿ" ಎಂದು ನನ್ನ ಕಡೆ ನೋಡಿ ನಕ್ಕು ಹೆಸರು ಕೊಟ್ಟಿದ್ದ. ಮರುವರ್ಷ ಮಿದುಳಿನ ರಕ್ತನಾಳ ಒಡೆದು ಸತ್ತ. ಶಾಲೆಯ ಮೆಟ್ಟಿಲ ಮೇಲೆ, ಕೈಯಲ್ಲಿ ಡಸ್ಟರ್ ಹಿಡಿದು.

ನಾನು ಛೇದಮೇಜಿನ ಮುಂದೆ ಪಾಠ ಹೇಳುವವಳು. ಎಡಗೈಯಲ್ಲಿ ಹಿಡಿ ಸರಿಸುತ್ತ, ಬಲಗೈಯಲ್ಲಿ ತೋರಿಸುತ್ತೇನೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಪ್ರತಿ ವರ್ಷದ ಮೊದಲ ಪಾಠ ಒಂದೇ. ಮನುಷ್ಯ ನಿಂತಿದ್ದಾನೆ. ಮುಖ ಮುಂದಕ್ಕೆ, ಪಾದ ಜೋಡಿ, ಕೈಗಳು ಪಕ್ಕದಲ್ಲಿ ಇಳಿಬಿದ್ದಿವೆ, ಅಂಗೈಗಳು ಮುಂದಕ್ಕೆ ತೆರೆದಿವೆ. ಅವನು ಮಲಗಿರಲಿ, ಬೋರಲು ಬಿದ್ದಿರಲಿ, ನಿಂತಿದ್ದಾನೆ ಎಂದೇ ನಾವು ಮಾತಾಡುತ್ತೇವೆ. ಮೇಲೆ, ಕೆಳಗೆ, ಮುಂದೆ, ಹಿಂದೆ ಎಂಬ ಎಲ್ಲ ಮಾತೂ ಆ ನಿಂತವನಿಗೆ ಸೇರಿದ್ದು. ಅವನನ್ನು ಎಡ ಬಲವಾಗಿ ಸೀಳುವ ಸಮತಲ ಸಜೈಟಲ್. ಎದೆ ಬೆನ್ನು ಬೇರೆ ಮಾಡುವುದು ಕೊರೋನಲ್. ಸೊಂಟಕ್ಕೆ ಪಟ್ಟಿ ಕಟ್ಟಿದಂತೆ ಅಡ್ಡಲಾಗಿ ಹೋಗುವುದು ಟ್ರಾನ್ಸ್‌ವರ್ಸ್. ಈ ಮೂರು ಗೊತ್ತಾದರೆ ಮನುಷ್ಯನೊಳಗೆ ಯಾರೂ ದಾರಿ ತಪ್ಪುವುದಿಲ್ಲ ಎಂದು ಹೇಳಿ ಪಾಠ ಮುಗಿಸುತ್ತೇನೆ.

ಈ ವರ್ಷ ಹೊಸ ದೇಹ ಬಂದಿತ್ತು. ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಮುಖವನ್ನು ಮಸುಕು ಮಾಡಿರುತ್ತಾರೆ. ಮೊದಲ ಛೇದ ವಿದ್ಯಾರ್ಥಿಗಳೇ ತೆಗೆಯಲಿ ಎಂದು ನಾನು ಹಿಡಿಯನ್ನು ಕೇದಾರನಿಗೆ ಬಿಟ್ಟೆ. ಅವನು ಹೊಕ್ಕಳಿನ ಮೇಲಕ್ಕೆ ನಿಲ್ಲಿಸಿದ. ಹೊಟ್ಟೆಯ ದುಂಡು ಬಂತು. ಬೆನ್ನುಮೂಳೆ, ಯಕೃತ್ತಿನ ಅಂಚು, ಮೂತ್ರಪಿಂಡ ಎಲ್ಲ ಇದ್ದ ಜಾಗದಲ್ಲಿದ್ದವು. ಆದರೆ ಹೊಟ್ಟೆಯ ಎದುರಿಗೆ, ಏನೂ ಇರಬಾರದ ಜಾಗದಲ್ಲಿ, ಇನ್ನೊಂದು ಸಣ್ಣ ದುಂಡು. ಅದರೊಳಗೆ ಎರಡು ಎಲುಬು.

"ಮೇಡಂ, ಮುಂಗೈ ಇಲ್ಲ್ಯಾಕ ಬಂತ್ರಿ?" ಎಂದ ಕೇದಾರ. "ಈ ಮನುಷ್ಯಾ ಹೊಟ್ಟಿ ಹಿಡ್ಕೊಂಡು ನಗಾಕತ್ತಾನೇನು?"

"ನಗೂದಲ್ಲಲೇ," ಹಿಂದಿನಿಂದ ಯಾರೋ ಅಂದರು. "ಊಟ ಜಾಸ್ತಿ ಆಗೇತಿ. ಹೊಟ್ಟಿ ಸವರ್ಕೋತ ಕುಂತಾನ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಗುರುಪಾದ ಹೋದ ಮೇಲೆ ನಾನು ಜೋರಾಗಿ ನಕ್ಕದ್ದು ಅದೇ ಮೊದಲು.

ನಗುತ್ತಲೇ ಹಿಡಿಯನ್ನು ತೆಗೆದುಕೊಂಡು ನಾಲ್ಕು ಬೆರಳು ಮೇಲಕ್ಕೆ ಸರಿಸಿದೆ. ಮುಂಗೈ ಹೋಗಿ ಮುಷ್ಟಿ ಬಂತು. ಮುಷ್ಟಿಯೊಳಗೆ ಬೆಳ್ಳಗೆ, ಸಣ್ಣ ಮೊಟ್ಟೆಯಂಥದು. ಅದರ ಸುತ್ತ ಬೆರಳಗಲದ ಕಪ್ಪು, ಕಲ್ಲು ಇದ್ದಲ್ಲಿ ಬಳೆಗೆ ಓದಲು ಬರುವುದಿಲ್ಲ. ಇನ್ನೂ ಸರಿಸಿದೆ. ಎಡ ಹೆಗಲೆಲುಬು ಎಂದೋ ಮುರಿದು, ಒಂದು ಮೆಟ್ಟಿಲಿಳಿದು ಕೂಡಿಕೊಂಡಿತ್ತು. ಬೈಕಿನಿಂದ ಬಿದ್ದದ್ದು, ನಮ್ಮ ಮದುವೆಗೆ ಮುಂಚೆ. ಆ ಮೆಟ್ಟಿಲ ಮೇಲೆ ನಾನು ಬೆರಳಿಟ್ಟು ಮಲಗುತ್ತಿದ್ದೆ.

ಹುಡುಗರು ಇನ್ನೂ ನಗುತ್ತಿದ್ದರು. "ಇವತ್ತಿಗೆ ಸಾಕು" ಎಂದೆ.

ಹಳೇ ಹುಬ್ಬಳ್ಳಿಯ ಮನೆಯಲ್ಲಿ ಅತ್ತೆ ತಂಗೆವ್ವ ರೊಟ್ಟಿ ಬಡಿಯುತ್ತಿದ್ದರು. ಖಾನಾವಳಿಗೆ ಕಳಿಸುವ ಖಡಕ್ ರೊಟ್ಟಿ. ಅವರ ಅಂಗೈಯ ಸದ್ದು ಬೀದಿಯ ತುದಿಗೇ ಕೇಳುತ್ತದೆ.

"ಯಾಕ ಮಾರಿ ಸಣ್ಣದು ಮಾಡ್ಕೊಂಡೀ?" ಎಂದರು.

"ಏನಿಲ್ರಿ ಅತ್ತೀ. ನಿಂತು ನಿಂತು ಸಾಕಾಗೇತಿ."

"ಕುಂಡ್ರು ಮತ್ತ. ನಿಂದ್ರು ಅಂತ ಯಾರು ಹೇಳ್ಯಾರ?"

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಗೋಡೆಗೆ ಆನಿಸಿ, ಕಾಲು ಮಡಿಸಿ ಕೂಡಿಸುತ್ತೇವೆ. ವಿಭೂತಿ ಹಚ್ಚಿ, ಗದ್ದಕ್ಕೆ ಅರಿವೆ ಕಟ್ಟಿ, ಎಡಗೈಯನ್ನು ಎದೆಯ ಕೆಳಗೆ ತಂದು ಅದರಲ್ಲಿ ಅವರ ಇಷ್ಟಲಿಂಗ ಇಡುತ್ತೇವೆ. ದಿನಾ ಬೆಳಿಗ್ಗೆ ಪೂಜೆಗೆ ಕೂತಂತೆ ಕೂತೇ ಅವರು ಮಣ್ಣಿಗೆ ಹೋಗುತ್ತಾರೆ. ಗುರುಪಾದನನ್ನೂ ಹಾಗೇ ಕೂಡಿಸಿದರು. ರಾತ್ರಿಯಿಡೀ ಭಜನೆ ನಡೆಯಿತು. ಸತ್ತ ದೇಹ ಕೆಲ ತಾಸುಗಳಲ್ಲಿ ಸೆಟೆದು, ಇದ್ದ ಭಂಗಿಯಲ್ಲೇ ಗಟ್ಟಿಯಾಗುತ್ತದೆ ಎಂಬುದು ಆ ಪಡಸಾಲೆಯಲ್ಲಿ ಚೆನ್ನಾಗಿ ಗೊತ್ತಿದ್ದವಳು ನಾನೊಬ್ಬಳೇ. ಕೇಂದ್ರದವರಿಗೆ ಮಲಗಿದ ದೇಹ ಬೇಕು ಎಂದು ಹೇಳಬೇಕಿತ್ತು. ಅಷ್ಟು ಜನರ ನಡುವೆ ಗಂಡನ ಕೈಕಾಲು ಬಿಡಿಸಿರೆಂದು ಹೇಳಲು ಬಾಯಿ ಬರಲಿಲ್ಲ.

ಬೆಳಿಗ್ಗೆ ವ್ಯಾನಿನವರು ಬಂದು ಕಕ್ಕಾಬಿಕ್ಕಿಯಾದರು. "ಕುಂತವ್ರನ್ನ ಇಲ್ಲೀಮಟಾ ಓದಿಲ್ರಿ" ಎಂದರು. ಅತ್ತೆ ಎದ್ದು ನಿಂತರು. "ಕುಂತs ಬರ್ತಾನ, ಕುಂತs ಹೋಗ್ತಾನ. ಕೈಯಾಗಿಂದು ತಗಿಯಂಗಿಲ್ಲ. ಒಪ್ಪಿದ್ರ ಒಯ್ರಿ" ಎಂದರು. ಬಳೆ ದೊಡ್ಡದಿತ್ತು, ಕೂತವನೂ ಹಾಯ್ದ. ಸಂಜೆ ಕೂತೇ ಮರಳಿದ. ಕೂತೇ ಮಣ್ಣಾದ.

ಕೇಂದ್ರದವರದು ಒಂದು ರೂಢಿ ಇದೆ. ವರ್ಷ ತುಂಬುವಾಗ, ದೇಹ ಯಾವ ಕಾಲೇಜಿಗೆ ಹೋಗಿದೆಯೋ ಅಲ್ಲಿಗೆ ಮನೆಯವರನ್ನು ಕರೆದು, ಮುಖದ ಮಸುಕು ತೆಗೆದು ಒಮ್ಮೆ ತೋರಿಸುತ್ತಾರೆ. ಅತ್ತೆ ಆ ದಿನಕ್ಕಾಗಿ ಕಾಯುತ್ತಿದ್ದರು. ಅವನು ಯಾವುದೋ ದೂರದ ಊರಿಗೆ ಹೋಗಿರುತ್ತಾನೆ, ಆಗ ಬಸ್ಸಿನಲ್ಲಿ ಹೋಗೋಣ ಎಂದು ನಾನೇ ಹೇಳಿದ್ದೆ.

ಅವನು ನಮ್ಮ ಮೇಜಿನ ಮೇಲೇ ಇದ್ದಾನೆಂದು ಅಂದು ಹೇಳಲಿಲ್ಲ. ಹೇಳಿದರೆ, ನೋಡಿದಾಗ ಏನು ಮಾಡಿದೆ ಎಂದು ಕೇಳುತ್ತಿದ್ದರು.

ವಿಭಾಗದ ಮುಖ್ಯಸ್ಥ ಡಾಕ್ಟರ್ ಹುಕ್ಕೇರಿ ಮರುದಿನ ಕರೆಸಿದರು.

"ಅದ್ಭುತ ಓದು ಆಗೇತ್ರಿ ನೀಲಾಂಬಿಕಾ. ಹರೇದ ದೇಹ, ಬೊಜ್ಜಿಲ್ಲ, ತಲಿ ಬಿಟ್ರ ಎಲ್ಲೂ ರೋಗ ಇಲ್ಲ. ಹನ್ನೊಂದು ಕಾಲೇಜಿಗೆ ಇದನ್ನs ಮಾದರಿ ಮಾಡೂಣು ಅಂತ ಮಾತಾಗೇತಿ. ಆದ್ರ ಕುಂತೈತಿ. ಎದ್ದು ನಿಂದ್ರಸ್ಬೇಕು."

ಓದಿದ ದೇಹವನ್ನು ಗಾಜಿನ ಮೇಲೆ ನಿಲ್ಲಿಸುವ ಯಂತ್ರವೂ ನಮ್ಮಲ್ಲಿದೆ. ಮಲಗುವಾಗ ಕೈಕಾಲು ಸೊಟ್ಟಗಿರುವ ದೇಹಗಳನ್ನು ಕೀಲು ಕೀಲಾಗಿ ಬಿಡಿಸಿ, ಪುಸ್ತಕದ ಭಂಗಿಗೆ ತರುತ್ತದೆ. ಕೂತವನನ್ನು ಅದು ತಾನಾಗಿ ನಿಲ್ಲಿಸಲಾರದು, ಯಾರಾದರೂ ಜೊತೆಗೆ ಕೂರಬೇಕು.

"ಕೈಯಾಗ ಕಲ್ಲೈತ್ರಿ ಸರ್" ಎಂದೆ.

"ಏನಂತ ನನಗೂ ಗೊತ್ತೈತಿ. ನನ್ನ ಕೊರಳಾಗೂ ಐತಿ." ಅವರು ಅಂಗಿಯ ಗುಂಡಿಯ ಮೇಲೆ ಬೆರಳಿಟ್ಟರು. "ಆದ್ರ ಮೇಜಿನ ಮ್ಯಾಲೆ ಅದು ಕಲ್ಲು. ಪಾಠಕ್ಕ ಅಡ್ಡ. ತಗದುಬಿಡ್ರಿ, ಮುಷ್ಟಿ ಬಿಡಿಸ್ರಿ. ನಿಮ್ಮ ಹೆಸರಿನ ಮ್ಯಾಲೆ ಹೋಗ್ತೈತಿ ಈ ಮಾದರಿ. ನಿಮ್ಮ ಕಾಯಂ ಮಾತೂ ಇದರ ಕೂಡs ಮುಂದಕ್ಕ ಹೋಗ್ತೈತಿ. ಬ್ಯಾರೆಯವ್ರಿಗೆ ಕೊಡ್ಲ್ಯಾ?"

ಬೇರೆಯವರು ಎಂದಾಗ ಯಾರದೋ ಕೈಗಳು ಅವನ ಮೊಣಕಾಲು ಬಿಡಿಸುವುದು ಕಣ್ಣಿಗೆ ಬಂತು. "ನಾನs ಮಾಡ್ತೀನ್ರಿ" ಎಂದೆ. ಅವನು ಯಾರೆಂದು ಹೇಳಲು ಅದೇ ಸಮಯವಾಗಿತ್ತು. ನಕ್ಕದ್ದು ನೆನಪಾಗಿ ಹೇಳಲಿಲ್ಲ.

ನಾನು ಕಣಕಾಲಿನಿಂದ ಶುರು ಮಾಡಿದೆ. ಆಮೇಲೆ ಮೊಣಕಾಲು. ಆಮೇಲೆ ತೊಡೆಯ ಬುಡ. ಯಂತ್ರ ಒಂದೊಂದು ಎಲುಬನ್ನೂ ಅದರ ಗುಣಿಯಲ್ಲಿ ತಿರುಗಿಸಿ, ಮಾಂಸವನ್ನು ಅದರ ಹಿಂದೆ ಎಳೆದು ತರುತ್ತಿತ್ತು. ಮಡಿಸಿದ್ದ ಕಡೆ ಒತ್ತಿಹೋಗಿದ್ದ ಚರ್ಮ ಬಿಚ್ಚಿಕೊಂಡಾಗ ಅಲ್ಲಲ್ಲಿ ಏನೂ ಓದಿಲ್ಲದ ಬರಿದು ಜಾಗ ಉಳಿಯುತ್ತದೆ. ಅಲ್ಲಿ ಏನಿತ್ತೆಂದು ಯಂತ್ರಕ್ಕೆ ತಿಳಿಯದು. ತನ್ನಲ್ಲಿರುವ ಬೇರೆ ದೇಹಗಳಿಂದ ಎರವಲು ತಂದು ಮುಚ್ಚುತ್ತದೆ. ಮುಚ್ಚಿ, ಒಪ್ಪಿಗೆಯೇ ಎಂದು ಕೇಳುತ್ತದೆ. ಗೊತ್ತಿದ್ದವರು ನೋಡಿ ಒಪ್ಪಬೇಕು.

ಮೊಣಕಾಲಿನ ಹಿಂದೆ ಒಪ್ಪಿದೆ. ತೊಡೆಯ ಸಂದಿಯಲ್ಲಿ ಕಣ್ಣು ಬೇರೆ ಕಡೆ ತಿರುಗಿಸಿ ಒಪ್ಪಿದೆ. ಮೂರು ವರ್ಷ ಸಂಸಾರ ಮಾಡಿದವಳು, ವಿಭಾಗದ ಕೋಣೆಯಲ್ಲಿ ಒಬ್ಬಳೇ ಇದ್ದಾಗಲೂ. ಹೆಗಲಿನಿಂದ ಮೇಲಕ್ಕೆ ಕೆಲಸವಿರಲಿಲ್ಲ. ಇದ್ದಿದ್ದರೂ ಆ ತಲೆಯೊಳಕ್ಕೆ ನಾನು ಗೆರೆಯನ್ನು ಒಯ್ಯುತ್ತಿರಲಿಲ್ಲ.

ಕೊನೆಗೆ ಎಡಗೈ ಉಳಿಯಿತು. ಕಲ್ಲನ್ನು ಗುರುತಿಸಿ ತೆಗೆದೆ. ಅದು ಹೋಗಲು ಒಂದು ಕ್ಷಣ ಸಾಕಾಯಿತು. ಬೆರಳು ಬಿಡಿಸಿದೆ. ಅಂಗೈಯ ನಡುವೆ ಕಲ್ಲಿನ ನೆರಳು ಬಿದ್ದಷ್ಟೂ ಬರಿದು. ಯಂತ್ರ ಅಲ್ಲಿಗೆ ಒಂದು ಅಂಗೈ ತಂದು ಕೂಡಿಸಿತು. ಐದಾರು ಮಂದಿಯ ಅಂಗೈ ಬೆರೆಸಿದ, ಯಾರದೂ ಅಲ್ಲದ ಅಂಗೈ. ಒಪ್ಪಿಗೆಯೇ?

ನನಗೆ ನೆನಪಾಗಲಿಲ್ಲ.

ಬಲ ಅಂಗೈ ಗೊತ್ತಿತ್ತು. ಚಾಕ್‌ಪೀಸಿನ ಪುಡಿಗೆ ಒಡೆದ ಬೆರಳು, ಹೆಬ್ಬೆರಳ ಬುಡದ ಮಚ್ಚೆ, ಎಲ್ಲ. ಎಡ ಅಂಗೈ ಎಂದರೆ ಬೆಳಗಿನ ಪೂಜೆಯದು. ಅದರ ಮೇಲೆ ಲಿಂಗವಿರುತ್ತಿತ್ತು. ಅವನು ತಲೆ ತಗ್ಗಿಸಿ ಅದನ್ನು ನೋಡುತ್ತಿದ್ದ, ನಾನು ಆಗ ಡಬ್ಬಿ ಕಟ್ಟುತ್ತಿದ್ದೆ. ಉಳಿದ ಹೊತ್ತಿನಲ್ಲಿ ಅದನ್ನು ತಿರುಗಿಸಿ ನೋಡಬಹುದಿತ್ತು. ಮೂರು ವರ್ಷ ಅದು ನನ್ನ ಪಕ್ಕದಲ್ಲೇ ಮಲಗಿತ್ತು. ಸತ್ತವರ ಅಂಗೈಯ ನರ, ರಕ್ತನಾಳ, ಸ್ನಾಯುಗಳ ಹೆಸರುಗಳನ್ನು ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು.

ಒಪ್ಪಿಗೆ ಎಂದು ಒತ್ತಿದೆ.

ಅವನು ಮೇಜಿನ ಮೇಲೆ ನಿಂತ. ಎರಡೂ ಅಂಗೈ ಮುಂದಕ್ಕೆ. ಪುಸ್ತಕದಲ್ಲಿದ್ದಂತೆ.

ಕೇಂದ್ರದಿಂದ ಅತ್ತೆಗೆ ಫೋನು ಬಂತು. ಮಗ ನಿಮ್ಮೂರಿನಲ್ಲೇ, ಸೊಸೆಯ ಕಾಲೇಜಿನಲ್ಲೇ ಇದ್ದಾನೆ ಎಂದರಂತೆ.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿನಗ ಗೊತ್ತಿತ್ತು."

"ಹೂಂನ್ರಿ."

"ಹೇಳಬಾರದಂತ ಅಲ್ಲಿ ಏನರ ಕಾಯ್ದೆ ಇರ್ತೈತೇನು?"

ಇಂಥ ದೊಡ್ಡ ಸುಳ್ಳನ್ನು ಅವರೇ ಕೈಗೆ ಕೊಟ್ಟರು, ನಾನು ತೆಗೆದುಕೊಂಡೆ. "ಹೂಂನ್ರಿ ಅತ್ತೀ."

"ಕುಂತಾನಲ್ಲಾ?"

ಹಿಟ್ಟು ಮೆತ್ತಿದ ಅವರ ಎರಡೂ ಕೈ ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ನಿಂತಿದ್ದವು. ಸದ್ದು ನಿಂತದ್ದು ಆಗ ಮಾತ್ರ.

"ಕುಂತಾನ್ರಿ" ಎಂದೆ.

ನೋಡುವ ದಿನ ಅವರು ಇಳಕಲ್ ಸೀರೆ ಉಟ್ಟರು. ಡಬ್ಬಿಯಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೊಂಡರು. ಯಾರಿಗೆ ಎಂದು ನಾನು ಕೇಳಲಿಲ್ಲ. ಡಾಕ್ಟರ್ ಹುಕ್ಕೇರಿ ಬಾಗಿಲಲ್ಲಿ ನಿಂತು ಕೈ ಮುಗಿದರು. ಅವರಿಗೆ ಆ ಹೊತ್ತಿಗೆ ಹೆಸರು ಗೊತ್ತಾಗಿತ್ತು. ನನ್ನ ಮುಖ ನೋಡಲಿಲ್ಲ.

ಹಿಂದಿನ ಸಂಜೆ ಕೂತ ಓದನ್ನು ತೆರೆದಿಡಬಹುದಿತ್ತು. ಮೊದಲ ಓದು ಅಳಿಸಿರುವುದಿಲ್ಲ, ಅಡಿಯಲ್ಲಿರುತ್ತದೆ. ಮೇಜಿನ ಹತ್ತಿರ ಹೋಗಿ ಮರಳಿದ್ದೆ. ಕೂತವನನ್ನು ತೋರಿಸಿ ಅತ್ತೆಯನ್ನು ಕಳಿಸಿ, ನಿಂತವನನ್ನು ಹನ್ನೊಂದು ಕಾಲೇಜಿಗೆ ಕಳಿಸುವುದು ನನ್ನಿಂದಾಗಲಿಲ್ಲ. ಮೊದಲೇ ನಿಜ ಹೇಳುವುದೂ ಆಗಲಿಲ್ಲ.

ಅತ್ತೆ ಮೇಜಿನ ತಲೆಯ ಕಡೆ ನಿಂತು ಮುಖ ನೋಡಿದರು. ಬಹಳ ಹೊತ್ತು ನೋಡಿದರು. "ಗಡ್ಡಾ ಮಾಡಿದ್ದಿಲ್ಲ ಅವತ್ತ" ಎಂದರು. ಆಮೇಲೆ ಅವರ ಕಣ್ಣು ಕೆಳಗಿಳಿಯಿತು.

"ನಿಂದ್ರಿಸೀರಿ."

ಅತ್ತೆ ಗಾಜಿನ ಗುಂಟ ಒಂದು ಹೆಜ್ಜೆ ಸರಿದರು.

"ಎರಡೂ ಕೈ ಒಡ್ಡ್ಯಾನಲ್ಲಾ. ಯಾರ ಮುಂದ ಬೇಡಾಕತ್ತಾನ ಇವ?"

"ಅದು ಪಾಠದ ಭಂಗೀರಿ ಅವ್ವಾರ" ಎಂದರು ಹುಕ್ಕೇರಿ. "ಎಲ್ಲಾರನ್ನೂ ಹಿಂಗs ನಿಂದ್ರಸ್ತೀವಿ."

ಅತ್ತೆ ಚಷ್ಮಾ ಹಾಕಿಕೊಂಡು ಎಡ ಅಂಗೈಯ ಮೇಲೆ ಬಾಗಿದರು. ಗಾಜಿನ ಮೇಲೆ ಅವರ ಉಸಿರು ಮೂಡಿತು. ಸೆರಗಿನಿಂದ ಒರೆಸಿ ಮತ್ತೆ ನೋಡಿದರು.

"ಇದು ಯಾರ ಕೈ?"

"ಅತ್ತೀ..."

"ಹಂಚಿನ ಕಲಿ ಎಲ್ಲೈತಿ? ಮೂರು ವರ್ಷದಾಂವ ಇದ್ದಾಗ ಒಲಿ ಮ್ಯಾಲಿನ ಹಂಚು ಹಿಡದಿದ್ದ, ನಾ ಈ ಕಡಿ ಹೊಳ್ಳೂದ್ರಾಗ. ಇಲ್ಲಿಂದ ಇಲ್ಲೀತನಕ ಸುಟ್ಟಿತ್ತು." ತಮ್ಮ ಅಂಗೈಯಲ್ಲಿ ಬೆರಳೆಳೆದು ತೋರಿಸಿದರು. "ಅದರ ಮ್ಯಾಲೆ ಲಿಂಗಾ ಇಟ್ಟ್ರ ಜಾರಂಗಿಲ್ಲವ್ವಾ ಅಂತ ನಗ್ತಿದ್ದ." ನನ್ನ ಕಡೆ ತಿರುಗಿದರು. "ನಿನಗ ಗೊತ್ತಿಲ್ಲೇನು?"

ಅವರು ಹಂಗಿಸಲಿಲ್ಲ. ನಿಜವಾಗಿ ಕೇಳಿದರು. ಹಂಗಿಸಿದ್ದರೆ ತಡೆದುಕೊಳ್ಳಬಹುದಿತ್ತು.

"ಗೊತ್ತಿಲ್ರಿ" ಎಂದೆ. "ಈ ಕೈ ಯಾರ್ದೂ ಅಲ್ರಿ ಅತ್ತೀ. ಮಂದೀದೆಲ್ಲಾ ಕೂಡಿಸಿ ಯಂತ್ರ ಮಾಡಿದ್ದು. ಇದು ಅವ್ರದs ಹೌದೇನು ಅಂತ ಕೇಳ್ತು. ನನಗ ನೆನಪಾಗ್ಲಿಲ್ಲ, ಹೌದು ಅಂದೆ. ಕಲ್ಲು ತಗದಾಕಿ ನಾನು. ನಿಂದ್ರಿಸಿದಾಕಿ ನಾನು. ಮೊದಲನೇ ದಿನ ಯಾರಂತ ಗೊತ್ತಾಗದs ಹುಡುಗ್ರ ಕೂಡ ನಕ್ಕೆ."

ಹುಕ್ಕೇರಿ ನೆಲ ನೋಡುತ್ತಿದ್ದರು. ಅತ್ತೆಯ ಮುಖದಲ್ಲಿ ಏನಿತ್ತೋ, ನಾನೂ ನೋಡಲಿಲ್ಲ.

"ಅವನ ಕೈ ಏನಾತು?" ಎಂದರು ಅತ್ತೆ.

"ಐತ್ರಿ. ಮುಚ್ಚೇತಿ. ಒಳಗ ಕಾಣಂಗಿಲ್ಲ."

"ಅದನ್ನ ತೋರಸು."

ನಾನು ಅಡಿಯ ಓದನ್ನು ತೆರೆದೆ. ನಿಂತವನು ಹೋದ. ಕಾಲು ಮಡಿಸಿ ಕೂತವನು ಬಂದ. ಅಡ್ಡಗೆರೆಯನ್ನು ಎದೆಯ ಕೆಳಗೆ ತಂದು ನಿಲ್ಲಿಸಿದೆ. ಬೆನ್ನುಮೂಳೆ, ಹೃದಯದ ತುದಿ, ಅದರ ಮುಂದೆ ಮುಷ್ಟಿ, ಮುಷ್ಟಿಯೊಳಗೆ ಬಿಳಿ. ಒಂದೇ ಪದರದಲ್ಲಿ. ನಿಂತವನಲ್ಲಿ ಈ ಎರಡು ಹೀಗೆ ಎದುರುಬದುರು ಬರುವುದಿಲ್ಲ.

ಅತ್ತೆಗೆ ಛೇದ ಓದಲು ಬರುವುದಿಲ್ಲ. "ಬಾಳಿ ದಿಂಡು ಕೊಯ್ದಂಗ ಐತಿ" ಎಂದರು. "ಇದು ಏನು?"

"ಎದಿ ರಿ."

"ಇದು?"

"ಲಿಂಗ ರಿ."

ಅವರು ತಲೆಯಾಡಿಸಿದರು. ಡಬ್ಬಿಯನ್ನು ಮೇಜಿನ ಮೇಲಿಡಲು ಹೋಗಿ, ಗಾಜೆಂದು ನೆನಪಾಗಿ ಕೆಳಗಿಟ್ಟರು. "ಇದನ್ನ ತೋರಸಾಕ ಏನ ನಾಚ್ಗಿ ಇತ್ತು ನಿನಗ?"

ಹೊರಗೆ ಬಂದ ಮೇಲೆ ಹುಕ್ಕೇರಿ ಹಿಂದೆ ಬಂದರು.

"ಮೊದಲs ಹೇಳಬೇಕಿತ್ತಲ್ರಿ."

"ಹೌದ್ರಿ ಸರ್. ಒಪ್ಪಿಗಿ ವಾಪಸ್ ತಗೋತೀನಿ. ಆ ಅಂಗೈ ಸುಳ್ಳೈತಿ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದೀನಿ."

"ಮುಷ್ಟಿ ಮುಚ್ಚಿದ್ದು ಮಾದರಿ ಆಗಂಗಿಲ್ಲ. ನಿಮಗ ಗೊತ್ತೈತಿ."

"ಗೊತ್ತೈತ್ರಿ."

ಅವರು "ರೊಟ್ಟಿ ಡಬ್ಬಿ ಇಲ್ಲೇ ಬಿಟ್ಟಾರ" ಎಂದು ಒಳಗೆ ಹೋದರು.

ಹನ್ನೊಂದು ಕಾಲೇಜಿಗೆ ಬೇರೆ ಜಿಲ್ಲೆಯ ಒಬ್ಬರು ಮಾದರಿಯಾದರು. ಮಲಗಿದ್ದವರು, ನಿಲ್ಲಿಸಲು ಸುಲಭ. ಕಾಯಂ ಮಾತನ್ನು ಹುಕ್ಕೇರಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗುರುಪಾದನನ್ನು ಕೂತಂತೆ ನಮ್ಮ ಕಾಲೇಜಿನಲ್ಲೇ ಉಳಿಸಿಕೊಳ್ಳಲು ಅತ್ತೆ ಒಪ್ಪಿದರು. ಮನೆಯಲ್ಲಿ ಅವರು ಮೊದಲಿನಂತೆಯೇ ಇದ್ದಾರೆ. ನಾನು ಹೇಳಿದ ಎರಡು ಸುಳ್ಳನ್ನೂ ಅವರು ಮತ್ತೆ ತೆಗೆದಿಲ್ಲ. ತೆಗೆಯಲಿ ಎಂದು ಒಮ್ಮೊಮ್ಮೆ ಕಾಯುತ್ತೇನೆ.

ಮೊನ್ನೆ ಕೈಯ ಪಾಠ. ಬಲಗೈಯನ್ನು ಪದರ ಪದರವಾಗಿ ತೋರಿಸಿದೆ. ಮುಷ್ಟಿಯ ಹತ್ತಿರ ಬಂದು ನಿಲ್ಲಿಸಿದೆ.

"ಎಡಗೈ ರಿ ಮೇಡಂ?" ಎಂದ ಕೇದಾರ.

"ಅದು ಬಿಚ್ಚಂಗಿಲ್ಲ."

"ಮತ್ತ ಎಡ ಅಂಗೈ ಹ್ಯಾಂಗ ಕಲಿಯೂದ್ರಿ?"

"ನಿಮ್ಮ ನಿಮ್ಮ ಕೈ ನೋಡ್ಕೊರಿ."

ನಗೆಮಾತು ಎಂದುಕೊಂಡು ಕೆಲವರು ನಕ್ಕರು. ನಾನು ನಗಲಿಲ್ಲ. ಒಬ್ಬಳು ಪೆನ್ನು ಕೆಳಗಿಟ್ಟು ಎಡ ಅಂಗೈ ತಿರುಗಿಸಿದಳು. ಆಮೇಲೆ ಪಕ್ಕದವಳು. ಆಮೇಲೆ ಎಲ್ಲರೂ ಮೇಜಿನ ಬೆಳಕಿಗೆ ಕೈ ಚಾಚಿ ತಲೆ ತಗ್ಗಿಸಿದರು. "ನಂದ್ರಾಗ ಏನೂ ಇಲ್ಲಲೇ" ಎಂದು ಯಾರೋ ಗುಣುಗುಟ್ಟಿದರು. "ಸರಿಯಾಗಿ ನೋಡಲೇ" ಎಂದ ಕೇದಾರ.

ನಾನೂ ಹಿಡಿ ಬಿಟ್ಟು ಎಡಗೈ ತೆರೆದೆ. ಬೆರಳುಗಳ ಬುಡದಲ್ಲಿ ದಡ್ಡು ಬಿದ್ದಿತ್ತು, ಹಿಡಿ ಸರಿಸಿ ಸರಿಸಿ. ಯಾವಾಗ ಬಿದ್ದದ್ದೋ ನನಗೆ ಗೊತ್ತಿರಲಿಲ್ಲ.